ಹಿಡಿಕೆ ಇಲ್ಲದ ಗುಡ್ಡ

ಡೊಂಬಿವಲಿಯಿಂದ ಮುಂಬಯಿಯ ವಿಟಿ ಸ್ಟೇಷನ್ನಿಗೆ ಇಪ್ಪತ್ತೆರಡು ವರ್ಷದಿಂದ ಲೋಕಲ್ ರೈಲಿನಲ್ಲಿ ನಿಂತೇ ಹೋಗುತ್ತಿದ್ದೇನೆ. ಒಂದು ದಿನವೂ ಬಿದ್ದಿಲ್ಲ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಜಂಬವಿತ್ತು. ಹಾಗಾಗಿ ಭಾವಮೈದ "ಸ್ಕೀಯಿಂಗಿಗೆ ಹೋಗುವನಾ ಭಾವ?" ಎಂದಾಗ, ಅದರಲ್ಲೇನು ಮಹಾ, ಬ್ಯಾಲೆನ್ಸ್ ತಾನೇ ಎಂದುಕೊಂಡೆ.

ಗುಲ್ಮಾರ್ಗ್, ಔಲಿ ಎಲ್ಲರಿಗೂ ಗೊತ್ತು, ರೇಟೂ ಹಾಗೇ ಇರುತ್ತದೆ. ಅವನು ಹುಡುಕಿದ್ದು ನಾರ್ಕಂಡಾ. ಶಿಮ್ಲಾದಿಂದ ಇನ್ನೂ ಅರವತ್ತು ಚಿಲ್ಲರೆ ಕಿಲೋಮೀಟರ್ ಮುಂದೆ, ಸುಮಾರು 2,700 ಮೀಟರ್ ಎತ್ತರದಲ್ಲಿರುವ ಸಣ್ಣ ಊರು. ಸುತ್ತ ಸೇಬಿನ ತೋಟ. "ಮಾರ್ಚಲ್ಲಿ ರೂಮು ಅರ್ಧ ರೇಟು ಭಾವ, ಸೀಸನ್ ಮುಗೀತಾ ಬಂತಲ್ಲ" ಎಂದ. ಸೀಸನ್ ಮುಗಿಯುವುದೆಂದರೆ ಹಿಮ ಮುಗಿಯುವುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮುಂಬಯಿಯವರಿಗೆ ಗೊತ್ತಿರುವುದು ಎರಡೇ ಸೀಸನ್. ಒಂದು ಮಳೆ, ಇನ್ನೊಂದು ಮಾವು.

ಅತ್ತೆ ಮಾತ್ರ ಮಗನಿಗೆ ಸರಿಯಾಗಿ ಹೇಳಿದರು. "ಎಂತ ಮಾರಾಯ, ಜಾರಿ ಬೀಳಲಿಕ್ಕೆ ಅಷ್ಟು ದೂರ ಹೋಗಬೇಕಾ? ಆಟಿ ತಿಂಗಳ ಮಳೆಯಲ್ಲಿ ಊರಿಗೆ ಹೋಗು, ಅಂಗಳದ ಪಾಚಿಯಲ್ಲಿ ಪುಕ್ಕಟೆ ಜಾರಬಹುದು."

ಕಾಲ್ಕಾದಿಂದ ಶಿಮ್ಲಾಕ್ಕೆ ಆಟಿಕೆಯಂಥ ಪುಟ್ಟ ರೈಲು. 1903ರಲ್ಲಿ ಶುರುವಾದದ್ದು, 96 ಕಿಲೋಮೀಟರ್ ದಾರಿ, ನೂರಕ್ಕೂ ಹೆಚ್ಚು ಸುರಂಗ. ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ನನಗೆ ನಿಜಕ್ಕೂ ಮುಜುಗರವಾಯಿತು. ಯಾರೋ ಬಂದು ಏಳಿಸುತ್ತಾರೆ ಎಂದು ಕಾಯುತ್ತಲೇ ಶಿಮ್ಲಾ ಬಂತು.

ಮರುದಿನ ಬೆಳಿಗ್ಗೆ ನಾರ್ಕಂಡಾದಲ್ಲಿ ನೋಡಿದರೆ ಗುಡ್ಡ ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕಂದು. ಸುಣ್ಣ ಉದುರಿದ ಗೋಡೆಯ ಹಾಗೆ. ನಾವು ಹೋದ ಕಡೆ ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ಇರಲಿಲ್ಲ. ಒಳ್ಳೆಯ ಹಿಮ ಮೇಲೆ ಉಳಿದಿದೆ, ನಡೆಯಿರಿ ಎಂದ ಕಲಿಸುವ ಹುಡುಗ. ಉದ್ದ ಪಟ್ಟಿಯಂಥ ಸ್ಕೀ ಹೆಗಲ ಮೇಲೆ, ಕಾಲಿಗೆ ಪ್ಲಾಸ್ಟಿಕ್ ಬಕೆಟ್‌ನಂಥ ಬೂಟು. ಆ ಬೂಟಿನಲ್ಲಿ ಪಾದ ಒಂಚೂರೂ ಬಗ್ಗುವುದಿಲ್ಲ. ಒಂದು ಗಂಟೆ ಹತ್ತಿದೆವು. ಕಡಿದಾದ ಕಡೆ ಸ್ಕೀ ಕಟ್ಟಿಕೊಂಡು ಏಡಿಯ ಹಾಗೆ ಅಡ್ಡಡ್ಡ ಹತ್ತಬೇಕು. ಇಳಿಯುವ ಆಟ ಅಂತ ದುಡ್ಡು ಕೊಟ್ಟು ಬಂದವರು ನಾವು.

ಹುಡುಗ ಹೇಳಿಕೊಟ್ಟದ್ದು ಎರಡೇ ಪಾಠ. ಒಂದು, "ಘುಟನೇ ಮೋಡಿಯೇ ಸರ್ ಜೀ", ಮೊಣಕಾಲು ಮಡಚಿ. ಇನ್ನೊಂದು, "ಪಿಜ್ಜಾ!" ನಿಲ್ಲಬೇಕಾದಾಗ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನದನ್ನು ಅಗಲಿಸಬೇಕು. ಪಿಜ್ಜಾ ತುಂಡಿನ ಆಕಾರವಾದರೆ ವೇಗ ಇಳಿಯುತ್ತದೆ. ನನ್ನ ಕಾಲುಗಳು ಪಿಜ್ಜಾವನ್ನು ಉಲ್ಟಾ ಅರ್ಥಮಾಡಿಕೊಂಡವು. ಮುಂದಿನ ತುದಿಗಳು ಒಂದು ಹಾಟು ಶಿಖರದ ಕಡೆ, ಇನ್ನೊಂದು ಶಿಮ್ಲಾದ ಕಡೆ ಹೊರಟವು. ನಡುವೆ ನಾನು.

ಆದರೆ ನಿಜವಾದ ತೊಂದರೆ ಕಾಲಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಜಾರಲು ಶುರುವಾದ ಕೂಡಲೇ ನನ್ನ ಎರಡೂ ಕೈ ತಾವಾಗಿಯೇ ಮೇಲಕ್ಕೆ ಹೋಗುತ್ತಿದ್ದವು. ಹಿಡಿಕೆ ಹುಡುಕಲು! ಇಪ್ಪತ್ತೆರಡು ವರ್ಷದ ಅಭ್ಯಾಸ, ಏನು ಮಾಡುವುದು. ಕೈಯಲ್ಲಿದ್ದ ಕೋಲುಗಳು ಆಕಾಶ ತಿವಿಯುತ್ತಿದ್ದವು. "ಹಾಥ್ ನೀಚೇ, ಸರ್ ಜೀ!" ಎಂದು ಹುಡುಗ ಕೂಗಿದಷ್ಟೂ ಕೈ ಇನ್ನೂ ಮೇಲೆ. ಆಗ ಒಂದು ಸತ್ಯ ಗೊತ್ತಾಯಿತು. ಲೋಕಲ್ಲಿನಲ್ಲಿ ನಾನು ಬೀಳದೇ ಇದ್ದದ್ದು ಬ್ಯಾಲೆನ್ಸಿನಿಂದಲ್ಲ. ಬೀಳಲು ಅಲ್ಲಿ ಜಾಗವೇ ಇರಲಿಲ್ಲ. ಇಲ್ಲಿ ಇಡೀ ಗುಡ್ಡ ಖಾಲಿ.

ಮಾರ್ಚಿನ ಹಿಮಕ್ಕೆ ದಿನಕ್ಕೆ ಮೂರು ಅವತಾರ. ರಾತ್ರಿ ಗಟ್ಟಿಯಾದದ್ದು ಬೆಳಿಗ್ಗೆ ಕಲ್ಲು. ಅದರ ಮೇಲೆ ಬಿದ್ದರೆ ಸೊಂಟಕ್ಕೆ ಗೊತ್ತಾಗುತ್ತದೆ. ಬಿಸಿಲೇರಿ ಹನ್ನೊಂದರ ಹೊತ್ತಿಗೆ ಮೇಲ್ಪದರ ಮೆತ್ತಗಾಗಿ ದಪ್ಪ ಸಕ್ಕರೆಯಂತಾಗುತ್ತದೆ. ಜಾರುವುದಿದ್ದರೆ ಆಗಲೇ. ನಾವು ಆ ಹೊತ್ತಿನಲ್ಲಿ ಮ್ಯಾಗಿ ತಿನ್ನುತ್ತಾ, ಮನೆಯಿಂದ ತಂದ ಕೋಡುಬಳೆ ಹಂಚುತ್ತಾ ಕೂತಿದ್ದೆವು. ಎರಡು ಗಂಟೆಗೆ ಅದು ಜುಹು ಚೌಪಾಟಿಯಲ್ಲಿ ಯಾರೋ ಅರ್ಧ ತಿಂದು ಬಿಟ್ಟ ಐಸ್ ಗೋಲಾ. ಒದ್ದೆ ಹಿಮ ಸ್ಕೀಯನ್ನು ಗಪ್ಪನೆ ಹಿಡಿದುಕೊಳ್ಳುತ್ತದೆ. ಸ್ಕೀ ನಿಂತಿತು, ನಾನು ನಿಲ್ಲಲಿಲ್ಲ.

"ಕಟಕ್" ಎಂದು ಸದ್ದಾಯಿತು. ಕಾಲು ಮುರಿಯಿತು ಎಂದೇ ತಿಳಿದು ಜೋರಾಗಿ "ಅಮ್ಮಾ" ಎಂದೆ. ಹುಡುಗ ಓಡಿ ಬಂದು ಕಾಲನ್ನು ನೋಡಲೇ ಇಲ್ಲ, ಸ್ಕೀ ಎತ್ತಿಕೊಂಡ. ಬೂಟನ್ನು ಸ್ಕೀಗೆ ಕಚ್ಚಿಸುವ ಕೊಂಡಿ ಇದೆಯಲ್ಲ, ಬಿದ್ದಾಗ ಅದು ಬಿಟ್ಟುಕೊಳ್ಳಬೇಕಂತೆ. ಬಿಡದಿದ್ದರೆ ಸದ್ದು ಮೂಳೆಯಿಂದ ಬರುತ್ತದೆ. ಭಾವಮೈದ ಸಹಾಯಕ್ಕೆ ಬರಲಿಲ್ಲ. ಅವನು ವಿಡಿಯೋ ಮಾಡುತ್ತಿದ್ದ.

ಬಿಸಿಲಿನ ಸಂಗತಿಯೂ ಹೇಳಿಬಿಡುತ್ತೇನೆ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ವಾಪಸ್ ಎಸೆಯಬಲ್ಲದು. ಹಳೆಯದು ಅಷ್ಟಲ್ಲದಿದ್ದರೂ ಸಾಕಷ್ಟು. ಅಂದರೆ ಬಿಸಿಲು ಕೆಳಗಿನಿಂದಲೂ ಬರುತ್ತದೆ. ನಾನು ಹಣೆ, ಕೆನ್ನೆಗೆ ಕ್ರೀಮ್ ಹಚ್ಚಿದ್ದೆ. ಸುಟ್ಟದ್ದು ಗದ್ದದ ಅಡಿ ಮತ್ತು ಮೂಗಿನ ಹೊಳ್ಳೆ. ಒರೆಸಿ ಒರೆಸಿ ಕೆನ್ನೆಯ ಕ್ರೀಮೂ ಹೋಗಿತ್ತು. ಗಾಗಲ್ಸ್ ಇದ್ದ ಜಾಗ ಮಾತ್ರ ಬಿಳಿ. ಬಾಗಿಲು ತೆರೆದ ಹೆಂಡತಿ ಒಂದು ನಿಮಿಷ ಸುಮ್ನೆ ನೋಡಿದಳು. ಆಮೇಲೆ ಒಳಗೆ ತಿರುಗಿ, "ಅಮ್ಮಾ, ಯಕ್ಷಗಾನದವರು ಬಂದಿದ್ದಾರೆ" ಎಂದಳು.

ಸೋಮವಾರ ಆಫೀಸು. ಸೊಂಟದಿಂದ ಕೆಳಗೆ ಎಲ್ಲವೂ ಮರದ ಹಲಗೆ. ಹೇಗೋ ಲೋಕಲ್ ಹತ್ತಿದೆ. ನನ್ನ ಮುಖ, ನಡಿಗೆ ಎರಡನ್ನೂ ನೋಡಿದ ಒಬ್ಬ ಹುಡುಗ ಎದ್ದು ನಿಂತು, "ಕಾಕಾ, ಬಸಾ" ಎಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ! ಕಣ್ಣು ತುಂಬಿ ಬಂತು. ಕೂರಲು ಹೋದೆ. ಮೊಣಕಾಲು ಮಡಚಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಅಷ್ಟರಲ್ಲಿ ಹಿಂದಿನಿಂದ ಬಂದವನೊಬ್ಬ ಆ ಸೀಟಿನಲ್ಲಿ ಕೂತು ಪೇಪರ್ ಬಿಡಿಸಿದ.

ನನ್ನ ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ಹಿಡಿಕೆ ಇತ್ತು.