ಇದು ವಾಹನವಲ್ಲ, ನಿಶ್ಚಿಂತೆಯಿಂದ ಗುದ್ದಿಸಿಕೊಳ್ಳಿ

ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ‘ಅಮ್ಮನ ಆಶೀರ್ವಾದ’ ಎಂದು ಬರೆಸಿಕೊಂಡ ಪುಟ್ಟ ಎಲೆಕ್ಟ್ರಿಕ್ ಸ್ಕೂಟರುಗಳು ಬೆಂಗಳೂರಿನಲ್ಲಿ ಯಾವ ಪರಿ ಹೆಚ್ಚಿವೆ ಎಂದರೆ, ಒನ್‌ವೇಯಲ್ಲಿ ಎದುರಿನಿಂದ ಏನೂ ಬರದಿದ್ದರೇ ಈಗ ಗಾಬರಿಯಾಗುತ್ತದೆ, ಎಲ್ಲೋ ದಾರಿ ತಪ್ಪಿದೆನೇನೋ ಅಂತ. ಸದ್ದಿಲ್ಲ, ಹೊಗೆಯಿಲ್ಲ. ಮೊಣಕಾಲಿಗೆ ತಾಗಿದ ಮೇಲೇ ಬಂದದ್ದು ಗೊತ್ತಾಗುವುದು. “ಬ್ರೇಕ್ ಹಿಡಿಯೋಕಾಗಲ್ವೇನಪ್ಪಾ” ಎಂದರೆ ಡೆಲಿವರಿ ಹುಡುಗ ಬಹಳ ವಿನಯದಿಂದ ಹೇಳುತ್ತಾನೆ: “ಸಾರ್, ಇದಕ್ಕೆ ಲೈಸೆನ್ಸ್ ಬೇಡ.”

ಅವನು ಕಾನೂನು ತಿಳಿದವನು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿಯೊಳಗೆ. ಇಷ್ಟಿದ್ದರೆ ಅದು ಮೋಟಾರು ವಾಹನವೇ ಅಲ್ಲ ಎನ್ನುತ್ತವೆ ಕೇಂದ್ರದ ನಿಯಮಗಳು. ವಾಹನವೇ ಅಲ್ಲದ ಮೇಲೆ ಆರ್‌ಸಿ ಯಾಕೆ, ಡಿಎಲ್ ಯಾಕೆ, ಇನ್ಶೂರೆನ್ಸ್ ಯಾಕೆ? ಹೆಲ್ಮೆಟ್ ಹಾಕು ಎನ್ನುವ, ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಕೂಡ ಮೋಟಾರ್ ಸೈಕಲ್ಲಿನವರಿಗೆ. ಈ ಸವಾರರ ತಲೆಬುರುಡೆಗೆ ಸರ್ಕಾರ ಕೊಟ್ಟಿರುವ ವಿನಾಯಿತಿಯ ಪ್ರತಿ ಮಾತ್ರ ಇನ್ನೂ ಡಾಂಬರಿಗೆ ತಲುಪಿಲ್ಲ.

250 ವ್ಯಾಟ್ ಅಂದರೆ ಎಷ್ಟು ಅಂತ ನೋಡಿ. ನಮ್ಮನೆ ಮಿಕ್ಸಿ 750 ವ್ಯಾಟಿನದು. ಅಂದರೆ ಚಟ್ನಿ ರುಬ್ಬಲು ಬೇಕಾಗುವುದರ ಮೂರನೇ ಒಂದು ಪಾಲು ಶಕ್ತಿಯಲ್ಲಿ ಈ ಸ್ಕೂಟರು ಒಬ್ಬ ಸವಾರ, ಬೆನ್ನಿಗೊಂದು ಡಬ್ಬ, ಕಾಲ ಹತ್ತಿರ 25 ಕೆಜಿ ಸೋನಾ ಮಸೂರಿ ಮೂಟೆ, ಹ್ಯಾಂಡಲ್ಲಿನ ಎರಡೂ ಕಡೆ ನೇತಾಡುವ ಹಾಲಿನ ಚೀಲಗಳನ್ನು ಹೊತ್ತು ಹನುಮಂತನಗರದ ಏರನ್ನು ಹತ್ತುತ್ತದೆ. ಹತ್ತುವುದಷ್ಟೇ ಅಲ್ಲ, ಆಟೋವನ್ನು ಹಿಂದೆ ಹಾಕಿ ಹತ್ತುತ್ತದೆ! ವಿಜ್ಞಾನದ ಪವಾಡ ಅಂದುಕೊಂಡು ಪರಿಚಯದ ಮೆಕ್ಯಾನಿಕ್‌ ಒಬ್ಬನನ್ನು ಕೇಳಿದೆ. ಅವನು ಸೀಟು ಎತ್ತಿ, ಮೋಟಾರಿನ ವೇಗಕ್ಕೆ ಲಗಾಮು ಹಾಕುವ ಕಂಟ್ರೋಲರಿನಿಂದ ಹೊರಬಂದಿದ್ದ ಒಂದು ವೈರಿನ ತುದಿ ತೋರಿಸಿದ. ಎರಡು ತುದಿ ಕೂಡಿಕೊಂಡಿದ್ದರೆ ವೇಗ 25 ಕಿಲೋಮೀಟರು, ಬಿಡಿಸಿದರೆ 45. ಬಿಟ್ಟ ತುದಿಗೆ ಅಚ್ಚುಕಟ್ಟಾಗಿ ಕಪ್ಪು ಟೇಪು ಸುತ್ತಿದ್ದ. ಸೇಫ್ಟಿ ಸಾರ್, ಶಾಕ್ ಹೊಡೀಬಾರದಲ್ಲ, ಅಂದ.

ಪುಣೆಯಲ್ಲೋ ಮಾನೇಸರದಲ್ಲೋ ಇರುವ ವಾಹನ ಪರೀಕ್ಷಾ ಕೇಂದ್ರದಲ್ಲಿ ಇಂಜಿನಿಯರುಗಳು ಉಪಕರಣ ಜೋಡಿಸಿಕೊಂಡು ಪರೀಕ್ಷೆ ಮಾಡಿ, ಇದು 25 ದಾಟುವುದಿಲ್ಲ ಎಂದು ಸರ್ಟಿಫಿಕೇಟ್ ಕೊಡುತ್ತಾರೆ. ಆ ಸರ್ಟಿಫಿಕೇಟಿನ ಆಯುಸ್ಸು ಎರಡು ನಿಮಿಷ, ವೈರ್ ಕಟ್ಟರ್ ಕೈಗೆ ಸಿಗದಿದ್ದರೆ ಐದು.

ನಮ್ಮ ಟ್ರಾಫಿಕ್ ಕ್ಯಾಮೆರಾಗಳ ಬಗ್ಗೆ ಮಾತ್ರ ಯಾರೂ ಕೆಟ್ಟದಾಗಿ ಮಾತಾಡಬೇಡಿ. ಕಾರಿನ ಗಾಜಿನೊಳಗೆ ಇಣುಕಿ, ಸೀಟ್ ಬೆಲ್ಟ್ ಎದೆ ಮೇಲಿದೆಯೋ ಅಥವಾ ಅದೇ ಬಣ್ಣದ ಗೆರೆಯ ಶರಟೋ ಎಂದು ಚಿಂತಿಸಿ, ಫೋಟೋ ಸಮೇತ ಮನೆಗೆ ನೋಟಿಸ್ ಕಳಿಸುವಷ್ಟು ಬುದ್ಧಿ ಅವಕ್ಕಿದೆ. ಬಿಳಿ ಪಟ್ಟೆಯನ್ನು ಮುಂದಿನ ಚಕ್ರ ಒಂದು ಗೇಣು ದಾಟಿದರೂ ಗುರುತಿಸುತ್ತವೆ. ಓದಲು ನಂಬರ್ ಇಲ್ಲದ ಸ್ಕೂಟರು ಕೆಂಪು ದೀಪದಲ್ಲಿ, ತಪ್ಪು ದಿಕ್ಕಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋದಾಗ ಮಾತ್ರ ಸಭ್ಯತೆಯಿಂದ ಕಣ್ಣು ಮುಚ್ಚುತ್ತವೆ. ‘ಅಮ್ಮನ ಆಶೀರ್ವಾದ’ದ ಹೆಸರಿಗೆ ನೋಟಿಸ್ ಕಳಿಸುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲವಂತೆ. ನಂಬರ್ ಇರುವ ದಡ್ಡರಿಗೂ ಅನ್ಯಾಯವಾಗಿಲ್ಲ ಬಿಡಿ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟರು, ಜನ ಸೀರೆ ಸೇಲಿಗೆ ನಿಂತ ಹಾಗೆ ಸಾಲು ನಿಂತರು. 2025ರಲ್ಲೂ ಕೊಟ್ಟರು. ಆಷಾಢದ ಡಿಸ್ಕೌಂಟು ಬರುವ ತನಕ ಸಿಗ್ನಲ್ ಹಾರುತ್ತಿರಬಹುದು.

ಸ್ಕೂಟರಿನ ಮೇಲೆ ಏನು ಕೂತಿದೆ ಎಂಬುದರ ಮೇಲೂ ನಮ್ಮ ರಾಜ್ಯದ ಕಾನೂನು ಬದಲಾಗುತ್ತದೆ. 2021ರಲ್ಲಿ ಸರ್ಕಾರವೇ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು, ಪರಿಸರ ಉಳಿಯಿತು. 2024ರ ಮಾರ್ಚ್‌ನಲ್ಲಿ ಅದೇ ಸರ್ಕಾರಿ ಆಸನದಿಂದ ಅದನ್ನು ವಾಪಸ್ ಪಡೆಯಲಾಯಿತು, ಮಹಿಳೆಯರ ಸುರಕ್ಷತೆ ಉಳಿಯಿತು. 2025ರ ಜೂನ್‌ನಲ್ಲಿ ಹೈಕೋರ್ಟ್ ಆದೇಶದಂತೆ ಬೈಕ್ ಟ್ಯಾಕ್ಸಿಗಳು ನಿಂತಾಗ ಆದದ್ದು ನಿಮಗೆ ನೆನಪಿದೆ: ಆ್ಯಪಿನಲ್ಲಿ ‘ಟ್ಯಾಕ್ಸಿ’ ಹೋಗಿ ‘ಪಾರ್ಸೆಲ್’ ಬಂತು, ಮರುದಿನವೇ ಬೆಂಗಳೂರಿಗರು ತಮ್ಮನ್ನು ತಾವೇ ಪಾರ್ಸೆಲ್ ಎಂದು ಬುಕ್ ಮಾಡಿಕೊಂಡು ಆಫೀಸಿಗೆ ಡೆಲಿವರಿಯಾದರು. ಎಂಬಿಎ ಓದಿದ, ಕೈತುಂಬ ಸಂಬಳದ, ಟೈ ಕಟ್ಟಿದ ಪಾರ್ಸೆಲ್‌ಗಳು! ಒಡೆಯುವ ವಸ್ತು ಎಂದು ಬೆನ್ನಿಗೆ ಚೀಟಿ ಅಂಟಿಸಿಕೊಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮುಂದೆ ಮೇಲ್ಮನವಿ, ಮುಷ್ಕರ ಎಂದು ಅದರ ಕಥೆ ಬೆಳೆಯಿತು, ಇರಲಿ. ಹಿಂದಿನ ಸೀಟಿನಲ್ಲಿ ಬಿರಿಯಾನಿ ಕೂತಿದ್ದರೆ ಯಾವ ಕಾಲದಲ್ಲೂ ಯಾವ ಇಲಾಖೆಯೂ ಕೈ ಅಡ್ಡ ಹಿಡಿದಿದ್ದಿಲ್ಲ. ಈ ಊರಿನಲ್ಲಿ ಬಿರಿಯಾನಿಯ ಸಂಚಾರ ಸ್ವಾತಂತ್ರ್ಯ ಪ್ರಶ್ನಾತೀತ.

ಮಕ್ಕಳ ವಿಷಯದಲ್ಲೂ ಕಾನೂನು ಬಹಳ ಕಾಳಜಿಯದು. 16 ತುಂಬಿದವರು 50 ಸಿಸಿ ಮೀರದ ಗಾಡಿ ಓಡಿಸಬಹುದು ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅಂಥ ಹೊಸ ಗಾಡಿ ಕೊಳ್ಳೋಣವೆಂದರೆ ಷೋರೂಮಿನಲ್ಲಿ ಇಲ್ಲ. ಅಪ್ರಾಪ್ತ ಮಗ ಅಪ್ಪನ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಅದೇ ಮಗ ಎಂಟನೇ ಕ್ಲಾಸಿನ ಬ್ಯಾಗ್ ಹಾಕಿಕೊಂಡು, ಹಿಂದೆ ಇಬ್ಬರನ್ನು ಕೂರಿಸಿಕೊಂಡು, ಟೇಪು ಸುತ್ತಿದ ವೈರಿನ ಸ್ಕೂಟರಿನಲ್ಲಿ ಟ್ಯೂಷನ್‌ಗೆ ಹೋದರೆ ಅಪ್ಪ ಸ್ಟೇಟಸ್ಸಿಗೆ ಫೋಟೋ ಹಾಕುತ್ತಾನೆ.

ಇಲ್ಲಿಯವರೆಗೆ ನಗಬಹುದು. 2022ರ ಮಾರ್ಚ್‌ನಲ್ಲಿ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರಿಗೆ ಬೆಂಕಿ ಹತ್ತಿ ಅಪ್ಪ, ಮಗಳು ಇಬ್ಬರೂ ಸತ್ತರು. ಮರುತಿಂಗಳು ನಾಸಿಕ್‌ನಲ್ಲಿ ಕಂಟೇನರ್ ಲಾರಿಯ ಮೇಲಿದ್ದ ಹೊಸ ಸ್ಕೂಟರುಗಳು ಸುಟ್ಟವು. ಆಮೇಲೆ ಸಮಿತಿ ಬಂತು, ಬ್ಯಾಟರಿ ಪರೀಕ್ಷೆಯ ಮಾನದಂಡ ಬಿಗಿಯಾಯಿತು. ಮೊದಲ ಕಂತು 2022ರ ಡಿಸೆಂಬರ್, ಎರಡನೆಯದು 2023ರ ಮಾರ್ಚ್. ಒಳ್ಳೆಯದೇ. 2024ರ ನವೆಂಬರ್‌ನಲ್ಲಿ ನಮ್ಮ ರಾಜಾಜಿನಗರದ ಷೋರೂಮಿಗೆ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ ಯುವತಿ ಒಳಗೇ ಸುಟ್ಟುಹೋದಳು. ಎರಡು ದಿನ ಟಿವಿಯಲ್ಲಿ ಬಂತು. ಇಂಥ ಕಟ್ಟಡಕ್ಕೆ ಇಂಥ ಮಳಿಗೆ ಎಂದು ನೋಡಿ ಸಹಿ ಹಾಕುವವರು ಯಾರು, ಬ್ಯಾಟರಿ ರಾಶಿ ಎಲ್ಲಿ ಇಡಬೇಕು ಎಂದು ಕೇಳುವವರು ಯಾರು, ಯಾರೂ ಹೇಳಲಿಲ್ಲ. ಕೇಳಿ ಕೇಳಿ ನಮಗೂ ಸಾಕಾಯಿತು.

ಡೆಲಿವರಿ ಹುಡುಗನ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಸ್ಕೂಟರು ಅವನದಲ್ಲ, ವಾರದ ಬಾಡಿಗೆಯದು. ಹತ್ತು ನಿಮಿಷದ ಅವಸರವೂ ಅವನದಲ್ಲ, ಕೊತ್ತಂಬರಿ ಸೊಪ್ಪು ತರಿಸಿಕೊಂಡ ನಮ್ಮದು. ಲೈಸೆನ್ಸಿಗೆ ಓಡಾಡುವ ದುಡ್ಡೂ ಪುರಸೊತ್ತೂ ಇಲ್ಲದವನೇ ಬೇಕು ಅಂತ ಈ ವ್ಯವಹಾರ ನಿಂತಿದೆ. ಅವನು ಬಿದ್ದರೆ ಅವನ ಕೈಕಾಲು, ಗುದ್ದಿದರೆ ನಿಮ್ಮದು. ಕಂಪನಿಯದಂತೂ ಏನೂ ಅಲ್ಲ.

ಯಾವುದೋ ಲಾರಿ ಗುದ್ದಿ ಓಡಿಹೋದರೂ ಗಂಭೀರ ಗಾಯಕ್ಕೆ 50,000, ಜೀವ ಹೋದರೆ 2 ಲಕ್ಷ ಸರ್ಕಾರದ ಪರಿಹಾರ ಇದೆ. ಅದು ಮೋಟಾರು ವಾಹನ ಗುದ್ದಿದರೆ. ಅಪಘಾತದ ಪರಿಹಾರ ಕೊಡಿಸುವ ಟ್ರಿಬ್ಯೂನಲ್ಲಿನ ಬಾಗಿಲೂ ಅದಕ್ಕೇ ತೆರೆಯುವುದು. ವಾಹನವಲ್ಲದ್ದು ಗುದ್ದಿದರೆ? ಸೊಂಟ ಮುರಿದ ಅಜ್ಜಿ ಮೊದಲು ಅದು 250 ವ್ಯಾಟನ್ನೋ 25 ಕಿಲೋಮೀಟರನ್ನೋ ಮೀರಿತ್ತು ಎಂದು ಸಾಬೀತು ಮಾಡಬೇಕು. ಅಷ್ಟರಲ್ಲಿ ಮೆಕ್ಯಾನಿಕ್ ವೈರು ಮತ್ತೆ ಕೂಡಿಸಿರುತ್ತಾನೆ. ಹಾಗಾಗಿ ಹಿರಿಯರಲ್ಲಿ ಒಂದು ವಿನಂತಿ: ಫುಟ್‌ಪಾತ್ ಮೇಲೆ ಹಿಂದಿನಿಂದ ಸ್ಕೂಟರು ಬಂದರೆ ದಯವಿಟ್ಟು ತಿರುಗಿ ವೇಗ ವಿಚಾರಿಸಿ, 25 ದಾಟಿದ್ದರೆ ಮಾತ್ರ ಬೀಳಿ.