ಕಂಸದೊಳಗಿನ ನಗು

ಕಲಾವಿದರ ಸಂದರ್ಶನ ಓದುವಾಗ ನನಗೆ ಮೈ ಉರಿಯುವುದು ಒಂದೇ ಒಂದು ಕಡೆ. ಕಲಾವಿದ ಏನೋ ಹೇಳುತ್ತಾನೆ. ‘ನಾನು ಬೆಳಿಗ್ಗೆ ಬೇಗ ಏಳುತ್ತೇನೆ’ ಎಂದೋ, ‘ನನಗೆ ಮೊದಲಿಂದಲೂ ನೀಲಿ ಇಷ್ಟ’ ಎಂದೋ. ಅದರ ಪಕ್ಕದಲ್ಲೇ ಕಂಸ ಹಾಕಿ ‘ನಗು’ ಎಂದು ಬರೆದಿರುತ್ತಾರೆ. ಬೆಳಿಗ್ಗೆ ಬೇಗ ಏಳುವುದರಲ್ಲಿ ನಗುವಂಥದ್ದೇನಿದೆ ಸ್ವಾಮಿ? ನಕ್ಕವರಾದರೂ ಯಾರು? ಕಲಾವಿದನೋ, ಎದುರಿಗೆ ಕೂತವನೋ, ಆಮೇಲೆ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದವನೋ? ಜೋಕು ನನಗೇ ತಪ್ಪಿತೇನೋ ಎಂದು ಆ ವಾಕ್ಯವನ್ನು ಮತ್ತೆ ಓದುತ್ತೇನೆ. ಹಿಂದಿನ ಪ್ರಶ್ನೆಗೆ ಹೋಗಿ ಬರುತ್ತೇನೆ. ಅಲ್ಲೂ ಏನೂ ಇರುವುದಿಲ್ಲ. ಅವರಿಬ್ಬರೂ ನಗುತ್ತ ಮುಂದಕ್ಕೆ ಹೋಗಿರುತ್ತಾರೆ, ನಾನು ಮಾತ್ರ ಮದುವೆ ಮನೆಯಲ್ಲಿ ಗುರುತಿನವರು ಯಾರೂ ಸಿಗದವನ ಹಾಗೆ ಕಂಸದ ಹೊರಗೆ ನಿಂತಿರುತ್ತೇನೆ.

ಒಂದೇ ಕಡೆ ಎಂದೆನಲ್ಲ, ಇನ್ನೊಂದೂ ಇದೆ. ಪ್ರಶ್ನೆಯ ಉದ್ದ. ‘ನಿಮ್ಮ ಇತ್ತೀಚಿನ ಕೃತಿಗಳಲ್ಲಿ ನೆನಪು ಮತ್ತು ಸ್ಥಳಾಂತರಗಳ ನಡುವಿನ ಬಿರುಕನ್ನು ದೇಹದ ಮೂಲಕ ಶೋಧಿಸುವ ಹಂಬಲ, ಒಂದು ಬಗೆಯ ಮೌನದ ರಾಜಕಾರಣವಾಗಿ...’ ಎಂದು ಶುರುವಾಗಿ, ಎರಡು ದೇಶ, ಮೂವರು ತತ್ವಜ್ಞಾನಿಗಳನ್ನು ಸುತ್ತಿಕೊಂಡು, ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೇ ಇಲ್ಲದೆ ನಿಲ್ಲುತ್ತದೆ. ಕಲಾವಿದೆ ‘ಹೌದು, ಹಾಗೂ ಹೇಳಬಹುದು’ ಎನ್ನುತ್ತಾಳೆ. ಪಾಪ, ಇನ್ನೇನು ಹೇಳಿಯಾಳು? ಉತ್ತರವನ್ನೂ ಅವನೇ ಹೇಳಿ ಮುಗಿಸಿದ್ದಾನೆ. ಅವಳು ಬರೀ ರುಜು ಹಾಕಬೇಕು.

ಇದಕ್ಕೆ ಸರಿಯಾದ ಮದ್ದು ಕಂಡುಹಿಡಿದವನು ಆಂಡಿ ವಾರ್ಹಾಲ್. ಸೂಪಿನ ಡಬ್ಬಿ ಬರೆದು ಹೆಸರಾದ ಈ ಮಹಾನುಭಾವ ಟೀವಿಯವರು ಕ್ಯಾಮೆರಾ ಹಿಡಿದು ಬಂದಾಗ, ಏನು ಹೇಳಬೇಕೋ ಆ ಮಾತುಗಳನ್ನು ನೀವೇ ಹೇಳಿಬಿಡಿ, ನಾನು ಅದನ್ನೇ ಹೇಳುತ್ತೇನೆ ಎಂದಿದ್ದ. ಎಲ್ಲರೂ ಅದನ್ನು ತುಂಟತನ ಎಂದುಕೊಂಡರು. ನನಗೆ ಅದು ತುಂಬ ಪ್ರಾಮಾಣಿಕ ವ್ಯವಹಾರವಾಗಿ ಕಾಣುತ್ತದೆ. ಇದೇ ವಾರ್ಹಾಲ್ ತನ್ನ ಟೇಪ್ ರೆಕಾರ್ಡರನ್ನು ಹೆಂಡತಿ ಎಂದು ಕರೆಯುತ್ತಿದ್ದ. 1969ರಲ್ಲಿ ‘ಇಂಟರ್‌ವ್ಯೂ’ ಎಂಬ ಹೆಸರಿನದೇ ಒಂದು ಪತ್ರಿಕೆಯನ್ನೂ ಶುರುಮಾಡಿದ. ಬೇರೆಯವರು ಮಾತಾಡುವುದನ್ನು ಕೇಳಲು ಎಷ್ಟು ಇಷ್ಟವೋ, ತಾನು ಮಾತಾಡುವುದು ಅಷ್ಟೇ ಕಷ್ಟ.

ಆ ಕಷ್ಟ 1967ರಲ್ಲಿ ಎಲ್ಲಿಗೆ ಮುಟ್ಟಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಅಮೆರಿಕದ ಪಶ್ಚಿಮದ ಕಡೆಯ ಕೆಲವು ಕಾಲೇಜುಗಳು ಅವನನ್ನು ಭಾಷಣಕ್ಕೆ ಕರೆದವು. ದುಡ್ಡು ಬರುತ್ತದೆ, ಆದರೆ ಹೋಗಿ ಮಾತಾಡಬೇಕು. ವಾರ್ಹಾಲನ ಸಿನಿಮಾಗಳಲ್ಲಿ ಪಾತ್ರ ಮಾಡುತ್ತಿದ್ದ ಅಲೆನ್ ಮಿಡ್ಜೆಟ್ ಎಂಬ ನಟ ಕೈಗೆ ಸಿಕ್ಕ. ಅವನ ಕೂದಲಿಗೆ ಬೆಳ್ಳಿ ಬಣ್ಣ ಹೊಡೆದು, ಕಪ್ಪು ಕನ್ನಡಕ ಹಾಕಿ, ವಾರ್ಹಾಲ್ ಎಂದು ಹೇಳಿ ಕಳಿಸಿಕೊಟ್ಟರು. ಅವನು ಹೋದ. ವೇದಿಕೆ ಹತ್ತಿದ. ವಿದ್ಯಾರ್ಥಿಗಳು ಕಲೆಯ ಬಗ್ಗೆ ಪ್ರಶ್ನೆ ಕೇಳಿದರು. ಅವನು ಚುಟುಕಾಗಿ ಏನೋ ಹೇಳಿದ. ಕೇಳಿದವರು ಬರೆದುಕೊಂಡೂ ಇದ್ದಿರಬಹುದು. ವಾರ್ಹಾಲ್ ಅಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವನು ಎಂದು ಎಲ್ಲರಿಗೂ ಗೊತ್ತಿದ್ದುದರಿಂದ, ಉತ್ತರ ಎಷ್ಟು ಪೊಳ್ಳಾಗಿತ್ತೋ ಅಷ್ಟೂ ಅಸಲಿ ಅನ್ನಿಸಿರಬೇಕು. ಒಂದು ಕಾಲೇಜಲ್ಲ, ಹಲವು ಕಡೆ ಈ ಆಟ ನಡೆಯಿತು.

ಗುಟ್ಟು ಬಯಲಾಗಲು ಕೆಲವು ತಿಂಗಳು ಬೇಕಾಯಿತು. ಯಾರೋ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು, ಮೂಗು ಬೇರೆ, ಮೋರೆ ಬೇರೆ. ಗದ್ದಲವಾಯಿತು. ನನಗಿಂತ ಅವನೇ ಆ ಕೆಲಸಕ್ಕೆ ಹೆಚ್ಚು ಲಾಯಕ್ಕಾಗಿದ್ದ ಎಂದು ವಾರ್ಹಾಲ್ ಸಮಜಾಯಿಷಿ ಕೊಟ್ಟ. ಒಂದು ಕಾಲೇಜಿನ ಅಧಿಕಾರಿ ಫೋನಿನಲ್ಲಿ ಸಿಡುಕುತ್ತ, ಈಗ ಮಾತಾಡುತ್ತಿರುವುದಾದರೂ ನೀವೇ ಎಂದು ನಾವು ನಂಬುವುದು ಹೇಗೆ ಎಂದು ಕೇಳಿದನಂತೆ. ವಾರ್ಹಾಲ್ ಸ್ವಲ್ಪ ಹೊತ್ತು ಯೋಚಿಸಿ, ಗೊತ್ತಿಲ್ಲ ಎಂದನಂತೆ. ಇದನ್ನು ಅವನೇ ಮುಂದೆ ತನ್ನ ನೆನಪಿನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಇಡೀ ಪ್ರಕರಣದಲ್ಲಿ ನನಗೆ ಕನಿಕರ ಹುಟ್ಟುವುದು ಆ ಅಧಿಕಾರಿಯ ಮೇಲೆ. ದುಡ್ಡು ಕೊಟ್ಟು ಕರೆಸಿದ ದೊಡ್ಡ ಮನುಷ್ಯ ತಾನು ಯಾರೆಂದೇ ಖಾತರಿಯಿಲ್ಲ ಅಂದರೆ, ಆತ ಯಾವ ಫೈಲಿನಲ್ಲಿ ಏನೆಂದು ಬರೆಯಬೇಕು?

ಈ ಬದಲಿ ಪದ್ಧತಿ ಅಲ್ಲಿಗೇ ನಿಲ್ಲಲಿಲ್ಲ. ಗೋಡೆಗೆ ಬಾಳೆಹಣ್ಣು ಅಂಟಿಸಿ ಸುದ್ದಿಯಾದ ಇಟಲಿಯ ಮೌರಿಝಿಯೊ ಕಟೆಲಾನ್ ಕೂಡ ವರ್ಷಗಟ್ಟಲೆ ತನ್ನ ಬದಲು ಮಾಸ್ಸಿಮಿಲಿಯಾನೊ ಜಿಯೋನಿ ಎಂಬ ಗೆಳೆಯನನ್ನು ಸಂದರ್ಶನಕ್ಕೆ ಕೂರಿಸುತ್ತಿದ್ದ. ಜಿಯೋನಿ ಈಗ ಕಲಾಪ್ರದರ್ಶನಗಳನ್ನು ರೂಪಿಸುವ ಹೆಸರಾಂತ ಕ್ಯೂರೇಟರ್. ಅಂದರೆ ಒಬ್ಬ ಕಲಾವಿದನ ಪರವಾಗಿ ಉತ್ತರ ಕೊಟ್ಟು ಕೊಟ್ಟು ಪಳಗಿದವರು ಈಗ ಕಲಾವಿದರಿಗೇ ಪ್ರಶ್ನೆ ಕೇಳುವ ಜಾಗದಲ್ಲಿದ್ದಾರೆ. ಇದಕ್ಕಿಂತ ಒಳ್ಳೆಯ ತರಬೇತಿ ಯಾವ ವಿಶ್ವವಿದ್ಯಾಲಯದಲ್ಲೂ ಸಿಗಲಾರದು.

ಬದಲಿ ಮನುಷ್ಯನ ಯೋಚನೆ ತಲೆಗೆ ಹೊಕ್ಕ ಮೇಲೆ ನನಗೆ ಬೇರೆ ಕೆಲಸವೇ ಸಾಗುತ್ತಿಲ್ಲ. ‘ಈಗೇನು ಬರೀತಿದ್ದೀರಿ?’ ಎಂದು ಕೇಳುವವರ ಎದುರು ನಿಲ್ಲಲು ಒಬ್ಬ. ‘ನಿಮ್ಮ ಹಿಂದಿನದು ಚೆನ್ನಾಗಿತ್ತು’ ಎನ್ನುವವರ ಎದುರು ಇನ್ನೊಬ್ಬ, ಅವನು ಸ್ವಲ್ಪ ಗಟ್ಟಿ ಮನಸ್ಸಿನವನಾಗಿರಬೇಕು. ಫೋನಿನಲ್ಲಿ ‘ಒಂದೇ ನಿಮಿಷ, ಒಂದು ಸಣ್ಣ ಅಭಿಪ್ರಾಯ ಬೇಕಿತ್ತು’ ಎನ್ನುವವರಿಗೆಂದೇ ಇಡೀ ದಿನ ಕೂರುವ ಮೂರನೆಯವನು. ಇವರೆಲ್ಲ ನನ್ನ ಪರವಾಗಿ ಮಾತಾಡುತ್ತಿದ್ದರೆ ನಾನೇನು ಮಾಡುತ್ತಿರುತ್ತೇನೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಹುಶಃ ಇನ್ಯಾರದೋ ಸಂದರ್ಶನ ಓದುತ್ತ ಸಿಡಿಮಿಡಿಗೊಳ್ಳುತ್ತಿರುತ್ತೇನೆ.

ಎಲ್ಲಿದ್ದೆ? ಪ್ರಶ್ನೆ, ಉತ್ತರ. ಬದಲಿಯವನ ಮಾತನ್ನು ನಂಬಬಾರದು, ಸರಿ. ಅಸಲಿಯವನದನ್ನು ನಂಬಬಹುದೇ? ವಸಾರಿ ಎಂಬಾತ 1550ರಲ್ಲಿ ಇಟಲಿಯ ಕಲಾವಿದರ ಜೀವನಕಥೆ ಪ್ರಕಟಿಸಿದಾಗ ಮೈಕೆಲೆಂಜೆಲೊ ಇನ್ನೂ ಬದುಕಿದ್ದ, ಅದರಲ್ಲಿ ತನ್ನ ಬಗ್ಗೆ ಬಂದದ್ದು ಅವನಿಗೆ ಅಷ್ಟಾಗಿ ರುಚಿಸಲಿಲ್ಲ. ಮೂರು ವರ್ಷದಲ್ಲಿ ಅವನ ಶಿಷ್ಯ ಕೊಂಡಿವಿ ಇನ್ನೊಂದು ಜೀವನಕಥೆ ತಂದ. ಗುರುವಿನ ಬಾಯಿಂದಲೇ ಕೇಳಿ ಬರೆದದ್ದು. ಚಿತ್ರಕಾರ ಘಿರ್ಲಾಂಡಾಯೊನಿಂದ ಮೈಕೆಲೆಂಜೆಲೊ ಏನನ್ನೂ ಕಲಿಯಲಿಲ್ಲ ಎಂಬ ಧಾಟಿ ಅದರದು. ವಸಾರಿ ಸುಮ್ಮನಿದ್ದ. ಮೈಕೆಲೆಂಜೆಲೊ 1564ರಲ್ಲಿ ತೀರಿಕೊಂಡ ಮೇಲೆ, 1568ರ ಎರಡನೆಯ ಆವೃತ್ತಿಯಲ್ಲಿ ಘಿರ್ಲಾಂಡಾಯೊ ಮನೆತನದ ಲೆಕ್ಕದ ಪುಸ್ತಕವನ್ನೇ ತೆಗೆದು ಮುಂದಿಟ್ಟ. 1488ರ ಏಪ್ರಿಲ್ 1ರಂದು ಹುಡುಗನನ್ನು ಅವನ ತಂದೆ ಮೂರು ವರ್ಷಕ್ಕೆ ಕೆಲಸ ಕಲಿಯಲು ಬಿಟ್ಟದ್ದು, ಆ ಅವಧಿಗೆ ಹುಡುಗನ ಕೆಲಸಕ್ಕೆ ಘಿರ್ಲಾಂಡಾಯೊ ಕೊಡಬೇಕಾದ ಇಪ್ಪತ್ನಾಲ್ಕು ಫ್ಲೋರಿನ್ ಹಣ, ಎಲ್ಲ ಅದರಲ್ಲಿತ್ತು. ಕಲಾವಿದ ಹೇಳಿದ್ದನ್ನು ಹಾಗೇ ಇಳಿಸಿಕೊಂಡವನ ಹೆಸರು ಇವತ್ತು ಹೆಚ್ಚಿನವರಿಗೆ ಗೊತ್ತಿಲ್ಲ. ರಸೀದಿ ಹುಡುಕಿದವನನ್ನು ಎಲ್ಲರೂ ಓದುತ್ತಾರೆ.

ನಾಲ್ಕು ನೂರು ವರ್ಷ ಬಿಟ್ಟು ಚಿತ್ರಕಾರ ಫ್ರಾನ್ಸಿಸ್ ಬೇಕನ್ ಮೈಕೆಲೆಂಜೆಲೊ ಮಾಡಿದ್ದನ್ನೇ ಮಾಡಿದ. ವಿಮರ್ಶಕ ಡೇವಿಡ್ ಸಿಲ್ವೆಸ್ಟರ್ 1962ರಿಂದ ಅವನೊಂದಿಗೆ ಮಾತುಕತೆ ನಡೆಸುತ್ತ ಬಂದ. 1975ರಲ್ಲಿ ಅದು ಪುಸ್ತಕವಾಯಿತು. ಕಲಾವಿದರ ಮಾತುಕತೆ ಎಂದರೆ ಹೀಗಿರಬೇಕು ಎಂದು ಇವತ್ತಿಗೂ ಅದನ್ನೇ ತೋರಿಸುತ್ತಾರೆ, ತಕ್ಕದ್ದೇ. ಅದರಲ್ಲಿ ಬೇಕನ್ ತಾನು ಮೊದಲು ಸ್ಕೆಚ್ ಮಾಡಿಕೊಳ್ಳುವವನಲ್ಲ, ನೇರ ಕ್ಯಾನ್ವಾಸಿಗೇ ಬಣ್ಣ ಹಾಕುವವನು ಎಂದು ಹೇಳಿದ. 1992ರಲ್ಲಿ ಅವನು ಸತ್ತ ಮೇಲೆ ಸ್ಕೆಚ್ಚುಗಳು ಒಂದೊಂದಾಗಿ ಹೊರಬಂದವು. ಲಂಡನ್ನಿನ ಟೇಟ್ ಮ್ಯೂಸಿಯಂ ಅವುಗಳಲ್ಲಿ ಕೆಲವನ್ನು ಕೊಂಡು ಪ್ರದರ್ಶನಕ್ಕೂ ಇಟ್ಟಿತು. ಇತ್ತ ಸಿಲ್ವೆಸ್ಟರನೂ ಕಡಿಮೆಯವನಲ್ಲ. ಬೇರೆ ಬೇರೆ ದಿನದ ಮಾತುಗಳನ್ನು ಕತ್ತರಿಸಿ ಜೋಡಿಸಿದ್ದೇನೆ, ಪ್ರಶ್ನೆಗಳನ್ನು ತಿದ್ದಿದ್ದೇನೆ ಎಂದು ಮುನ್ನುಡಿಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಹೇಳಿದವನು ನಿಜ ಹೇಳಲಿಲ್ಲ, ಕೇಳಿದವನು ಕೇಳಿದ್ದನ್ನೇ ಬರೆಯಲಿಲ್ಲ. ಪುಸ್ತಕ ಮಾತ್ರ ಇಬ್ಬರಿಗಿಂತಲೂ ಗಟ್ಟಿ. ಇದು ಹೇಗಾಯಿತು ಎಂದು ನಾನು ಆಗಾಗ ಯೋಚಿಸುವುದುಂಟು, ಆದರೆ ಯೋಚನೆ ಕುದುರುವಷ್ಟರಲ್ಲಿ ಇನ್ನಾವುದೋ ಸಂದರ್ಶನದಲ್ಲಿ ಯಾರೋ ‘ಅನ್ವೇಷಣೆ’ ಎಂದಿರುವುದು ಕಣ್ಣಿಗೆ ಬಿದ್ದು ಮನಸ್ಸು ಕೆಡುತ್ತದೆ.

ಮಾಮೂಲಿ ಪ್ರಶ್ನೆಗಳಲ್ಲಿ ನನಗೆ ಸ್ವಲ್ಪ ಪ್ರೀತಿ ಇರುವುದು ಒಂದರ ಮೇಲೆ ಮಾತ್ರ: ಚಿತ್ರ ಮುಗಿಯಿತು ಎಂದು ಹೇಗೆ ಗೊತ್ತಾಗುತ್ತದೆ? ಇದಕ್ಕೆ ಬರುವ ಉತ್ತರಗಳೆಲ್ಲ ಒಂದಕ್ಕಿಂತ ಒಂದು ಮಸುಕು. ಪಿಯರ್ ಬೊನಾರ್ ಮ್ಯೂಸಿಯಮ್ಮಿನಲ್ಲಿ ತೂಗುಹಾಕಿದ ತನ್ನದೇ ಚಿತ್ರವನ್ನು ಕಾವಲುಗಾರನ ಕಣ್ಣು ತಪ್ಪಿಸಿ ತಿದ್ದುತ್ತಿದ್ದ ಎಂದು ಕಥೆ ಹೇಳುತ್ತಾರೆ. ಅವನಿಗಂತೂ ಗೊತ್ತಾಗಿರಲಿಲ್ಲ. ಖಚಿತವಾಗಿ ಗೊತ್ತಿದ್ದದ್ದು ಆನ್ ಕವಾರಾಗೆ. 1966ರ ಜನವರಿ 4ರಿಂದ ಹಿಡಿದು ದಶಕಗಟ್ಟಲೆ ಅವನು ಅಂದಂದಿನ ತಾರೀಕನ್ನೇ ಕ್ಯಾನ್ವಾಸಿನ ಮೇಲೆ ಬರೆದ. ಮಧ್ಯರಾತ್ರಿಯೊಳಗೆ ಮುಗಿಯಬೇಕು, ಇಲ್ಲದಿದ್ದರೆ ಆ ಚಿತ್ರ ನಾಶ. ಆ ಪ್ರಶ್ನೆಗೆ ಜಗತ್ತಿನಲ್ಲೇ ಅತ್ಯಂತ ಸ್ಪಷ್ಟ ಉತ್ತರ ಇದ್ದ ಮನುಷ್ಯ ಅವನು. ಅವನು ಸಂದರ್ಶನವನ್ನೇ ಕೊಡುತ್ತಿರಲಿಲ್ಲ. ಫೋಟೊಕ್ಕೂ ನಿಲ್ಲುತ್ತಿರಲಿಲ್ಲ. ಪರಿಚಯದವರಿಗೆ ‘ನಾನಿನ್ನೂ ಬದುಕಿದ್ದೇನೆ’ ಎಂದು ಟೆಲಿಗ್ರಾಂ ಕಳಿಸುತ್ತಿದ್ದ, ಅಷ್ಟೇ.

ಸ್ಫೂರ್ತಿಯ ಬಗ್ಗೆ ಕೇಳುವವರಿಗೆ ನನ್ನದೊಂದು ಬಿನ್ನಹವಿದೆ. ಸ್ಟುಡಿಯೊ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಕೇಳಿ. ದಿನವೆಲ್ಲ ನಿಂತು ಕೆಲಸ ಮಾಡಿದರೆ ಸೊಂಟ ಹಿಡಿಯುವುದಿಲ್ಲವೇ ಎಂದು ಕೇಳಿ. ಮಾರಾಟವಾಗದ ದೊಡ್ಡ ಕ್ಯಾನ್ವಾಸುಗಳನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿ, ಇದರಲ್ಲೇ ಅರ್ಧ ಜೀವನಚರಿತ್ರೆ ಹೊರಬರುತ್ತದೆ. ಚಿತ್ರಕಾರ ಭೂಪೇನ್ ಖಖ್ಖರ್ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದರು. ಲೆಕ್ಕಪತ್ರ ನೋಡುವ ಕೆಲಸ ಇಟ್ಟುಕೊಂಡೇ ಬಹಳ ಕಾಲ ಚಿತ್ರ ಬರೆದರು. ಅವರ ಚಿತ್ರಗಳ ಬಣ್ಣದ ಬಗ್ಗೆ, ಅವರು ತೋರಿದ ಧೈರ್ಯದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಬೆಳಿಗ್ಗೆ ಲೆಡ್ಜರ್ ನೋಡಿದ ಕಣ್ಣು ಸಂಜೆ ಕ್ಯಾನ್ವಾಸ್ ನೋಡುವಾಗ ಏನಾಗುತ್ತದೆ ಎಂಬುದನ್ನು ನಾನು ಪುಟಗಟ್ಟಲೆ ಓದಲು ತಯಾರಿದ್ದೇನೆ.

ಹೊಟ್ಟೆಪಾಡಿನ ಪ್ರಶ್ನೆ ಕೇಳುವುದೇ ಇಲ್ಲ ಎಂದರೆ ತಪ್ಪಾದೀತು, ಕೇಳುತ್ತಾರೆ, ಹೆಂಗಸರನ್ನು. ‘ಮನೆ, ಮಕ್ಕಳು, ಕಲೆ, ಎಲ್ಲವನ್ನೂ ಹೇಗೆ ನಿಭಾಯಿಸುತ್ತೀರಿ?’ ಅದೇ ಪುಟದ ಮುಂದಿನ ಸಂದರ್ಶನದಲ್ಲಿ ಮೂರು ಮಕ್ಕಳ ತಂದೆಯೊಬ್ಬ ಏಕಾಂತದ ಅಗತ್ಯದ ಬಗ್ಗೆ ಮಾತಾಡುತ್ತಿರುತ್ತಾನೆ. ಆ ಏಕಾಂತ ಅವನಿಗೆ ಎಲ್ಲಿಂದ ಸಿಕ್ಕಿತು, ಆ ಹೊತ್ತಿನಲ್ಲಿ ಮಕ್ಕಳು ಯಾರ ಕೈಯಲ್ಲಿದ್ದವು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಕಂಸದೊಳಗೆ ನಗು ಹಾಕಿದ್ದರೆ ಕನಿಷ್ಠ ಅರ್ಥವಾದರೂ ಆಗುತ್ತಿತ್ತು.

ಇಷ್ಟೆಲ್ಲ ಗೊಣಗಿದ ಮೇಲೆ ನನಗೆ ಹಿಡಿಸಿದ್ದು ಯಾವುದು ಎಂದು ಕೇಳಬಹುದು. ಹಿಡಿಸಿದ್ದು ಸಂದರ್ಶನವೇ ಅಲ್ಲ. 1964ರಲ್ಲಿ ಪ್ಯಾರಿಸ್ಸಿನಲ್ಲಿ ಜೇಮ್ಸ್ ಲಾರ್ಡ್ ಎಂಬ ಅಮೆರಿಕನ್ ಲೇಖಕ ಜಿಯಾಕೊಮೆಟ್ಟಿಗೆ ಭಾವಚಿತ್ರಕ್ಕಾಗಿ ಕೂತ. ಒಂದು ಮಧ್ಯಾಹ್ನದ ಕೆಲಸ ಎಂದು ಮಾತಾಗಿತ್ತು, ಹದಿನೆಂಟು ದಿನ ಹಿಡಿಯಿತು. ಲಾರ್ಡ್ ವಿಮಾನದ ಟಿಕೆಟ್ ಮುಂದಕ್ಕೆ ಹಾಕುತ್ತಲೇ ಹೋದ. ಜಿಯಾಕೊಮೆಟ್ಟಿ ಬರೆಯುವುದು, ಅಳಿಸುವುದು, ಇದು ಆಗುವ ಹೋಗುವ ಮಾತಲ್ಲ ಎಂದು ಬೈದುಕೊಳ್ಳುವುದು, ಮತ್ತೆ ಬರೆಯುವುದು. ಪ್ರತಿದಿನವೂ ಇದೇ. ಲಾರ್ಡ್ ಸಂದರ್ಶಕನ ಹಾಗೆ ಕೆದಕುತ್ತ ಕೂರಲಿಲ್ಲ, ಅಲ್ಲಾಡದೆ ಕೂತಿರಬೇಕಾಗಿತ್ತಲ್ಲ. ಆ ಮುದುಕ ಕೈಗೆ ಯಾವ ಬ್ರಷ್ ಎತ್ತಿಕೊಂಡ ಎಂಬುದನ್ನು ಮಾತ್ರ ನೋಡುತ್ತಿದ್ದ. ಸಣ್ಣದು ಎತ್ತಿಕೊಂಡರೆ ತಲೆ ಮೂಡುತ್ತದೆ, ದೊಡ್ಡದು ಎತ್ತಿಕೊಂಡರೆ ಮೂಡಿದ್ದೆಲ್ಲ ಅಳಿಸಿಹೋಗುತ್ತದೆ. ಕೊನೆಗೆ ದೊಡ್ಡ ಬ್ರಷ್ ಬರುವ ಮೊದಲೇ ಎದ್ದು ನಿಂತುಬಿಡಬೇಕು ಎಂದು ಲಾರ್ಡ್ ಹೊಂಚು ಹಾಕಿದ. ಆ ಚಿತ್ರ ಇವತ್ತು ಉಳಿದಿದ್ದರೆ ಅವನ ಆ ಲೆಕ್ಕಾಚಾರಕ್ಕೂ ಅದರಲ್ಲಿ ಒಂದು ಪಾಲಿದೆ. ಇದರಿಂದ ಸಂದರ್ಶನ ಮಾಡುವವರು ಕಲಿಯಬೇಕಾದ ಪಾಠವೊಂದಿದೆ, ಅದನ್ನು ಇಲ್ಲಿ ಬಿಡಿಸಿ ಹೇಳಬೇಕು ಎಂದೇ ಹೊರಟಿದ್ದೆ.

ಅಷ್ಟರಲ್ಲಿ ಆ ಫೋಟೊ ನೆನಪಾಯಿತು. ಪ್ರತಿ ಸಂದರ್ಶನದ ತಲೆಯ ಮೇಲೂ ಒಂದು ಫೋಟೊ ಇರುತ್ತದೆ. ಕಲಾವಿದ ಕೈಕಟ್ಟಿ, ಸ್ವಲ್ಪ ಗಂಭೀರವಾಗಿ, ತನ್ನ ಹೊಸ ಚಿತ್ರದ ಮುಂದೆ ನಿಂತಿರುತ್ತಾನೆ. ಸರಿಯಾಗಿ ನಟ್ಟನಡುವೆ. ಹಿಂದಿನ ಕ್ಯಾನ್ವಾಸಿನಲ್ಲಿ ಎಡಗಡೆ ಒಂದು ಕೆಂಪು ಗೆರೆ, ಬಲಗಡೆ ಯಾವುದರದೋ ಬಾಲದ ಹಾಗೆ ಕಾಣುವ ಏನೋ ಒಂದು. ಬಾಕಿ ಎಲ್ಲ ಅಂಗಿ. ಮುಂದಿನ ನಾಲ್ಕು ಪುಟದಲ್ಲಿ ಆ ಚಿತ್ರದ ಬಗ್ಗೆಯೇ ಮಾತು. ಇಬ್ಬರೂ ಅದನ್ನು ನೋಡಿದ್ದಾರೆ, ಫೋಟೊ ತೆಗೆದವನೂ ನೋಡಿದ್ದಾನೆ. ಆ ಬಾಲ ಯಾವ ಪ್ರಾಣಿಯದು ಎಂದು ನಾನು ಪುಟವನ್ನು ಓರೆ ಮಾಡಿ ನೋಡುತ್ತಿದ್ದೇನೆ. ಕ್ಯಾಮೆರಾ ಹಿಡಿದವರು ಯಾರಾದರೂ, ಒಂದು ಸಲ, ‘ಸ್ವಲ್ಪ ಆ ಕಡೆ ಸರಿಯಿರಿ ಸಾರ್’ ಎನ್ನಬಾರದೇ?