ಪುಸ್ತಕ ಉಳೀತು, ಓದಿದೋರ ಹೆಸರು ಎಲ್ಲೋಯ್ತು?

ಹಳೇ ಪುಸ್ತಕದ ಮೊದಲ ಹಾಳೇಲಿ ಯಾರದ್ದೋ ಸಹಿ, ಸೀಲು, ಮೂಲೇಲಿ ಎಣ್ಣೆ ಕಲೆ ಇದ್ರೆ ನಾವು ಅದನ್ನೇ ತೋರಿಸಿ ಅವೆನ್ಯೂ ರೋಡಲ್ಲಿ ಚೌಕಾಸಿ ಮಾಡ್ತೀವಿ, "ನೋಡ್ರೀ ಹೆಸರು ಬೇರೆ ಗೀಚಿದಾರೆ, ಇನ್ನೊಂಚೂರು ಬಿಡಿ" ಅಂತ. ನಾನೀಗ ಇರೋದು ಬ್ರೂಕ್ಲಿನ್‌ನಲ್ಲಿ. ಸುತ್ತ ಹಸಿದಿಕ್ ಯಹೂದಿಗಳ ಮನೆಗಳು, ಆಫೀಸಲ್ಲಿ ಲೆಕ್ಕ ನೋಡ್ಕೊಳ್ಳೋ ಹಿರಿಯರೊಬ್ಬರು ಅದೇ ಸಮುದಾಯದೋರು, ಹಳೇ ಹೀಬ್ರೂ ಪುಸ್ತಕ ಸೇರಿಸೋ ಹುಚ್ಚು ಅವರಿಗೆ. ಅವರ ಕೈಗೆ ಪುಸ್ತಕ ಬಂದ್ರೆ ಒಳಗೇನಿದೆ ಅಂತ ನೋಡೋಕೂ ಮುಂಚೆ ಹಿಂದೆ ಮುಂದೆ ಇರೋ ಖಾಲಿ ಹಾಳೆ ತಿರುವ್ತಾರೆ, ಅಲ್ಲಿ ಯಾರೂ ಏನೂ ಬರೆದಿಲ್ಲ ಅಂದ್ರೆ ಮುಖ ಸಪ್ಪಗಾಗುತ್ತೆ.

ಪುಸ್ತಕಕ್ಕೆ ಮರ್ಯಾದೆ ಕೊಡೋದ್ರಲ್ಲಿ ನಾವೂ ಅವರೂ ಒಂದೇ. ಕೆಳಗೆ ಬಿದ್ರೆ ನಾವು ಕಣ್ಣಿಗೊತ್ತಿಕೊಳ್ತೀವಿ, ಅವರು ಎತ್ತಿ ಮುತ್ತಿಡ್ತಾರೆ. ತೀರಾ ಹಣ್ಣಾಗಿ ಹೋದದ್ದನ್ನ ನಮ್ಮೋರು ಹೊಳೆಗೆ ಬಿಡ್ತಿದ್ರು, ಅವರು ಸ್ಮಶಾನದಲ್ಲಿ ಮಣ್ಣು ಮಾಡ್ತಾರೆ. ಅಲ್ಲೀವರೆಗೆ ಸರಿ. ಆದ್ರೆ ಈ ಪುಸ್ತಕ ಮೊದ್ಲು ಯಾರ ಕೈಲಿತ್ತು ಅನ್ನೋ ಮಾತು ಬಂದ ತಕ್ಷಣ ನಾವು ಎಡಕ್ಕೆ ಹೋದ್ರೆ ಅವರು ಬಲಕ್ಕೆ, ಮತ್ತೆ ಈ ವಿಷಯದಲ್ಲಿ ಅವರ ದಾರೀನೇ ಸರಿ ಅನ್ನೋದು ನನ್ನ ಅನಿಸಿಕೆ, ಒಪ್ಪೋರು ಒಪ್ಪಿ ಬಿಡೋರು ಬಿಡಿ.

ಹಿನ್ನೆಲೆ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಹಸಿದಿಕ್ ಅಂದ್ರೆ ರೆಬ್ಬೆ ಅನ್ನೋ ಗುರುಗಳ ಸುತ್ತ ಬೆಳೆದ ಯಹೂದಿ ಭಕ್ತಿಪಂಥ, ಶುರುವಾಗಿದ್ದು 18ನೇ ಶತಮಾನದಲ್ಲಿ, ಈಗಿನ ಉಕ್ರೇನ್ ಕಡೆ. ಮೂಲಪುರುಷರು ಮೆಜಿಬಿಷ್ ಅನ್ನೋ ಊರಿನ ಬಾಲ್ ಶೇಮ್ ತೋವ್, 1760ರಲ್ಲಿ ತೀರ್ಕೊಂಡ್ರು, ತಾವಾಗಿ ಪುಸ್ತಕ ಬರೆದೋರಲ್ಲ. ಅವರ ಶಿಷ್ಯ ಯಾಕೋವ್ ಯೋಸೆಫ್ ಬರೆದಿದ್ದು 1780ರಲ್ಲಿ ಕೊರೆಟ್ಸ್ ಊರಲ್ಲಿ ಅಚ್ಚಾಯ್ತು, ಅದೇ ಈ ಪಂಥದ ಮೊದಲ ಅಚ್ಚಾದ ಪುಸ್ತಕ. 1788ರಲ್ಲಿ ಲೆಂಬರ್ಗ್‌ನಲ್ಲಿ ನೋಅಮ್ ಎಲಿಮೆಲೆಖ್, 1796ರಲ್ಲಿ ಸ್ಲಾವಿತಾದಲ್ಲಿ ತಾನ್ಯಾ ಅನ್ನೋ ಪುಸ್ತಕಗಳು ಬಂದ್ವು. ಇವುಗಳ ಮೊದಲ ಮುದ್ರಣ ಸಿಕ್ಕಿದ್ರೆ ಸಂಗ್ರಾಹಕರು ಆಸ್ತಿ ಮಾರೋಕೂ ರೆಡಿ. ನೋಅಮ್ ಎಲಿಮೆಲೆಖ್ ಪುಸ್ತಕವನ್ನ ಹೆರಿಗೆ ನೋವು ಬಂದೋರ ದಿಂಬಿನ ಕೆಳಗಿಡೋ ಪದ್ಧತಿ ಇದೆ, ಹಂಗಾಗಿ ಅದರ ಹಳೇ ಪ್ರತಿ ಅಂದ್ರೆ ಎಷ್ಟು ಮನೆ ಸುತ್ತಿ ಬಂದಿರುತ್ತೋ ಲೆಕ್ಕ ಹಾಕ್ಕೊಳ್ಳಿ.

ಸ್ಲಾವಿತಾ ಪ್ರೆಸ್ಸಿನ ಕಥೆ ಮಾತ್ರ ಬಿಡೋಕಾಗಲ್ಲ. ಶಪಿರಾ ಮನೆತನದ ಪ್ರೆಸ್ಸು, ಕೊರೆಟ್ಸಿನ ಪಿನ್ಖಾಸ್ ಅನ್ನೋ ದೊಡ್ಡ ಗುರುಗಳ ಮಗ ನಡೆಸಿದ್ದು, ಆಮೇಲೆ ಮೊಮ್ಮಕ್ಕಳು. 1835ರಲ್ಲಿ ಅಲ್ಲಿ ಬೈಂಡಿಂಗ್ ಕೆಲಸ ಮಾಡ್ತಿದ್ದ ಒಬ್ಬ ಸಿನಗಾಗಿನಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ನೇಣು ಬಿಗಿದ ಸ್ಥಿತೀಲಿ ಸಿಕ್ಕಿದ, ಸೆನ್ಸಾರ್ ಒಪ್ಪಿಗೆ ಇಲ್ಲದೆ ಅಚ್ಚು ಹಾಕ್ತಿದ್ದಾರೆ ಅಂತ ಚಾಡಿ ಹೇಳಿದ್ದಕ್ಕೆ ಮಾಲೀಕರೇ ಕೊಲ್ಲಿಸಿದ್ರು ಅನ್ನೋ ಆರೋಪ ಬಂತು, ಅಣ್ಣತಮ್ಮಂದಿರಿಬ್ಬರನ್ನೂ ಹಿಡಿದು ಎರಡು ಸಾಲು ಸೈನಿಕರ ಮಧ್ಯೆ ನಡೆಸಿ ಕೋಲಲ್ಲಿ ಹೊಡೆಸೋ ಶಿಕ್ಷೆ ಕೊಟ್ರು. ಹೊಡೆತ ತಿಂತಿರುವಾಗ ಒಬ್ಬರ ಟೋಪಿ ಬಿತ್ತಂತೆ, ತಲೆ ಮುಚ್ಕೊಳ್ಳದೆ ಒಂದು ಹೆಜ್ಜೆನೂ ಇಡಲ್ಲ ಅಂತ ಅಲ್ಲೇ ನಿಂತ್ರಂತೆ, ಇದನ್ನ ಇವತ್ತಿಗೂ ಮಕ್ಕಳಿಗೆ ಹೇಳ್ತಾರೆ. 1836ರಲ್ಲಿ ರಷ್ಯಾ ಸರ್ಕಾರ ಹೀಬ್ರೂ ಪ್ರೆಸ್ಸುಗಳನ್ನೆಲ್ಲ ಮುಚ್ಚಿಸಿ ಎರಡಕ್ಕೆ ಮಾತ್ರ ಪರ್ಮಿಷನ್ ಇಟ್ಕೊಂಡಿತು. ಅದೇ ಮನೆತನದೋರು ಮತ್ತೆ ಜಿಟೊಮಿರ್‌ನಲ್ಲಿ ಪ್ರೆಸ್ ಹಾಕೋ ಹೊತ್ತಿಗೆ 1847. ಹೀಗಾಗಿ ಸ್ಲಾವಿತಾದಲ್ಲಿ ಅಚ್ಚಾದ ಪುಸ್ತಕ ಅಂದ್ರೆ ಮನೇಲಿದ್ರೇ ಪುಣ್ಯ ಅನ್ನೋ ಭಾವನೆ, ಓದ್ತೀರೋ ಬಿಡ್ತೀರೋ ಆಮೇಲಿನ ಮಾತು.

ಸರಿ, ಮಾಲೀಕರನ್ನ ಹುಡುಕೋದು ಹೆಂಗೆ? ನಮ್ಮ ಆಫೀಸಿನ ಆ ಹಿರಿಯರ ಜೊತೆ ಕೂತು ನೋಡಿದ್ದು ಹೇಳ್ತೀನಿ, ಇಲ್ಲೇ ಮಜಾ ಇರೋದು. ಹಳೇ ಕಾಲದೋರು ಹೆಸರು ಬರೆಯೋಕೆ ಮುಂಚೆ "ಭೂಮಿ ಮತ್ತು ಅದರಲ್ಲಿರೋದೆಲ್ಲ ಭಗವಂತನದ್ದು" ಅನ್ನೋ ಬೈಬಲ್ಲಿನ 24ನೇ ಕೀರ್ತನೆಯ ಸಾಲನ್ನ ಚುಟುಕಾಗಿ ಹಾಕಿ, ಆಮೇಲೆ ಇಂಥವನ ಮಗ ಇಂಥವನು, ಇಂಥ ಊರು ಅಂತ ಬರೀತಿದ್ರು. ಮನೆತನದ ಹೆಸರು ಎಷ್ಟೋ ಕಡೆ ಇರಲ್ಲ, ಯಾಕಂದ್ರೆ ಸರ್‌ನೇಮ್ ಅನ್ನೋದನ್ನ ಆಸ್ಟ್ರಿಯಾ ಕಡ್ಡಾಯ ಮಾಡಿದ್ದು 1787ರಲ್ಲಿ, ರಷ್ಯಾ 1804ರಲ್ಲಿ, ಅದಾದ್ಮೇಲೂ ಜನ ತಮ್ಮತಮ್ಮಲ್ಲಿ ಅಪ್ಪನ ಹೆಸರೇ ಹೇಳ್ಕೊತಿದ್ರು. ಇಲ್ಲಿನ ಫಾರಂಗಳಲ್ಲಿ ಲಾಸ್ಟ್ ನೇಮ್ ಕಾಲಂ ನೋಡಿ ತಲೆ ಕೆರ್ಕೊಂಡಿರೋ ಹಳೇ ಮೈಸೂರಿನೋರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಅಂದ್ರೆ ಊರು, ಅಪ್ಪ, ತಾನು, ಮುಗೀತು.

ಆಮೇಲೆ ರಬ್ಬರ್ ಸ್ಟಾಂಪು. ಹೀಬ್ರೂ ಜೊತೆಗೆ ಸ್ಟಾಂಪಲ್ಲಿ ಇನ್ನೊಂದು ಭಾಷೆ ಯಾವ್ದಿದೆ ಅನ್ನೋದರಿಂದ ಕಾಲ ಗೊತ್ತಾಗುತ್ತೆ. ಲೆಂಬರ್ಗ್ ಕಡೇದು ಜರ್ಮನ್‌ನಲ್ಲಿದ್ರೆ ಬಹುಶಃ ಆಸ್ಟ್ರಿಯಾ ಆಳ್ವಿಕೆಯ ಕಾಲ, ಊರ ಹೆಸರು ಲ್ವುಫ್ ಅಂತ ಇದ್ರೆ ಪೋಲಿಷ್, ಈಗ ಅದೇ ಊರು ಉಕ್ರೇನಿನ ಲ್ವಿವ್. ಈಗಿನ ಮಾಲ್ಡೋವಾದ ಕಿಶಿನೆವ್‌ದಾದ್ರೆ ಮೊದ್ಲು ರಷ್ಯನ್, ಮೊದಲ ಮಹಾಯುದ್ಧ ಆದ್ಮೇಲೆ ರೊಮೇನಿಯನ್. ಮನುಷ್ಯ ಮನೆ ಬಿಟ್ಟು ಅಲ್ಲಾಡಿರಲ್ಲ, ಅವನ ಸ್ಟಾಂಪು ದೇಶ ಬದಲಾಯಿಸಿರುತ್ತೆ!

ಇನ್ನೊಂದು ದೊಡ್ಡ ಆಧಾರ ಅಂದ್ರೆ ಮುಂಗಡ ಕೊಟ್ಟೋರ ಪಟ್ಟಿ. 19ನೇ ಶತಮಾನದಲ್ಲಿ ಲೇಖಕರೋ ಅವರ ಮಕ್ಕಳೋ ಊರೂರು ತಿರುಗಿ ಮುಂಗಡ ದುಡ್ಡು ಎತ್ತಿ ಪುಸ್ತಕ ಹಾಕಿಸ್ತಿದ್ರು, ಕೊಟ್ಟೋರ ಹೆಸರೆಲ್ಲ ಊರಿನ ಪ್ರಕಾರ ಪುಸ್ತಕದಲ್ಲೇ ಅಚ್ಚಾಗ್ತಿತ್ತು. ಬೇರೆಲ್ಲೂ ಗುರುತಿಲ್ಲದ ಕಟುಕರು, ದರ್ಜಿಗಳು, ಸಣ್ಣ ವ್ಯಾಪಾರಿಗಳು ಅಲ್ಲಿ ಸಿಗ್ತಾರೆ. ಬೆರ್ಲ್ ಕಾಗನ್ ಅನ್ನೋರು ಇಂಥ ಪಟ್ಟಿಗಳನ್ನೆಲ್ಲ ಗುಡ್ಡೆ ಹಾಕಿ ಯಾವ ಊರಿನ ಹೆಸರು ಯಾವ್ಯಾವ ಪುಸ್ತಕದಲ್ಲಿದೆ ಅಂತ 1975ರಲ್ಲಿ ಸೂಚಿ ಮಾಡಿಟ್ಟಿದ್ದಾರೆ. ಇಂಥ ಕೆಲಸಕ್ಕೆ ಕೂರೋ ತಾಳ್ಮೆ ಇದೆಯಲ್ಲ, ಅದಕ್ಕೆ ಕೈ ಮುಗೀಬೇಕು ನಾನಂತೂ.

ಈ ಹುಡುಕಾಟ ಬರೀ ಶೋಕಿ ಆಗಿ ಉಳಿಯದೇ ಇರೋಕೆ ಕಾರಣ ಯುದ್ಧ. ನಾಜಿಗಳು ಯಹೂದಿಗಳ ಲೈಬ್ರರಿಗಳನ್ನ ಸುಟ್ಟಿದ್ದೂ ಉಂಟು, ಲೂಟಿ ಮಾಡಿ ಗೋಡೌನಲ್ಲಿ ಪೇರಿಸಿಟ್ಟಿದ್ದೂ ಉಂಟು, ಅದಕ್ಕಂತಲೇ ಒಂದು ಇಲಾಖೆನೇ ಇತ್ತು. 1946ರಲ್ಲಿ ಅಮೆರಿಕನ್ ಸೈನ್ಯ ಜರ್ಮನಿಯ ಆಫೆನ್‌ಬಾಖ್‌ನಲ್ಲಿ ಒಂದು ಡಿಪೋ ಮಾಡಿ ಮೂವತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ, ಕಾಗದಪತ್ರ ವಿಂಗಡಿಸ್ತು. ವಿಂಗಡಿಸೋ ಕೆಲಸಗಾರರಿಗೆ ಹೀಬ್ರೂ ಬರಲ್ಲ, ಅದಕ್ಕೆ ಅಲ್ಲಿನ ನಿರ್ದೇಶಕ ಐಸಾಕ್ ಬೆಂಕೊವಿಟ್ಸ್ ಸ್ಟಾಂಪುಗಳ ಫೋಟೋ ತೆಗೆಸಿ ಒಬ್ಬೊಬ್ಬರಿಗೆ ಕೆಲವೊಂದನ್ನ ಹಂಚಿದ್ರು, ನಿನಗೆ ಕೊಟ್ಟ ಚಿತ್ರ ಕಂಡ್ರೆ ಎತ್ತಿಡು ಅಷ್ಟೇ. ವಾಪಸ್ ಕೊಡೋಕೆ ಮಾಲೀಕರೇ ಇಲ್ಲದ ಲಕ್ಷಾಂತರ ಪುಸ್ತಕಗಳನ್ನ ಹಂಚೋಕೆ ಒಂದು ಸಂಸ್ಥೆ ಆಯ್ತು, ಚಿಂತಕಿ ಹನ್ನಾ ಅರೆಂಟ್ ಅದರ ಕಾರ್ಯದರ್ಶಿ ಆಗಿದ್ರು, ಅದರ ಚೀಟಿ ಅಂಟಿಸಿದ ಪುಸ್ತಕ ಇಲ್ಲಿನ ಲೈಬ್ರರಿಗಳಲ್ಲಿ ಈಗಲೂ ಕಾಣ್ಸುತ್ತೆ. ಹಾಗಾಗಿ ಹಾಳೆ ಮೇಲಿನ ಹೆಸರು ಹಿಡ್ಕೊಂಡು ಹೋದ್ರೆ ಎಷ್ಟೋ ಸಲ ಜೆರುಸಲೇಮಿನ ಹತ್ಯಾಕಾಂಡ ಸ್ಮಾರಕ ಯಾದ್ ವಶೇಮ್‌ನ ಸತ್ತೋರ ಪಟ್ಟಿಗೆ ಹೋಗಿ ನಿಲ್ತೀವಿ. ಮೊಮ್ಮಕ್ಕಳು ಸಿಕ್ಕಿದ್ರೆ ನಮ್ಮ ಆಫೀಸಿನ ಹಿರಿಯರು ಆ ಹಾಳೆಯ ಫೋಟೋ ಕಳಿಸ್ತಾರೆ. ತಾತನ ಕೈಬರಹವನ್ನ ಮೊದಲನೇ ಸಲ ನೋಡೋರೂ ಇದ್ದಾರೆ.

ಈಗ ನಮ್ಮ ಕಡೆಗೆ ಬರ್ತೀನಿ. ನಮಗೆ ಈ ಅಭ್ಯಾಸ ಇರಲೇ ಇಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಮೂಡಬಿದಿರೆಯಲ್ಲಿರೋ ಮಹಾಧವಳ ಅನ್ನೋ ಜೈನ ಗ್ರಂಥದ ಓಲೆಯಲ್ಲಿ ಶಾಂತಿಸೇನನ ಹೆಂಡತಿ ಮಲ್ಲಿಕಬ್ಬೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆ ಇದನ್ನ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಲು ಅಂತ ಬರೆದಿದೆ, ಕೊಟ್ಟೋರು ಯಾರು ತಗೊಂಡೋರು ಯಾರು ಯಾಕೆ ಎಲ್ಲ ಸ್ಪಷ್ಟ. ಓಲೆ ಬರೆಯೋರು ಕೊನೇಲಿ "ಎಣ್ಣೆಯಿಂದ ಕಾಪಾಡು, ನೀರಿಂದ ಕಾಪಾಡು, ಸಡಿಲ ಕಟ್ಟಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ" ಅಂತ ಪುಸ್ತಕದ ಬಾಯಲ್ಲೇ ಹೇಳಿಸೋ ಸಂಸ್ಕೃತ ಶ್ಲೋಕ ಹಾಕ್ತಿದ್ರು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದ್ದು ಎಲ್ಲರಿಗೂ ಗೊತ್ತು. ಆ ಸಾವಿರ ಯಾರ್ಯಾರ ಮನೆಗೆ ಹೋಯ್ತು ಅನ್ನೋದು ಸಿಕ್ಕಿದ್ರೆ ಹತ್ತನೇ ಶತಮಾನದ ಕರ್ನಾಟಕದ ಓದುಗರ ಪಟ್ಟಿನೇ ಕೈಲಿರ್ತಿತ್ತು.

ನಾವು ಕೆಟ್ಟಿದ್ದು ಅಚ್ಚಿನ ಕಾಲಕ್ಕೆ ಬಂದ್ಮೇಲೆ ಅನ್ಸುತ್ತೆ ನನಗೆ, ಲೈಬ್ರರಿ ಅನ್ನೋದು ಸರ್ಕಾರಿ ವ್ಯವಹಾರ ಆದ್ಮೇಲೆ. ಕೌಟಿಲ್ಯನ ಅರ್ಥಶಾಸ್ತ್ರದ ಕಥೆನೇ ತಗೊಳ್ಳಿ, ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಕಟ್ಟಿನಲ್ಲಿ ಶಾಮಾಶಾಸ್ತ್ರಿಗಳು ಅದನ್ನ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ರು, ಜಗತ್ತೇ ತಿರುಗಿ ನೋಡ್ತು. ತಂದುಕೊಟ್ಟೋರು ಯಾರು ಅಂದ್ರೆ "ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು" ಅಂತ ಎಲ್ಲ ಕಡೆ ಹೇಳ್ತಾರೆ, ಅಷ್ಟೇ. ಎಷ್ಟು ತಲೆಮಾರು ಅದನ್ನ ಯಾವ ಅಟ್ಟದ ಮೇಲೆ ಹೊಗೆ ಹಾಕಿ ಹುಳ ಹಿಡೀದಂಗೆ ಕಾಪಾಡಿದ್ರೋ! ಇದೇ ಪುಸ್ತಕ ಹಸಿದಿಕ್‌ಗಳದ್ದಾಗಿದ್ರೆ ಆ ಪಂಡಿತರ ಮುತ್ತಜ್ಜನ ಹೆಸರೂ, ಅವರು ಯಾರ ಶಿಷ್ಯರು ಅನ್ನೋದೂ ಇಷ್ಟು ಹೊತ್ತಿಗೆ ಮಕ್ಕಳ ಬಾಯಲ್ಲಿರ್ತಿತ್ತು.

ಹಂಗಂತ ಇವರದ್ದೆಲ್ಲ ಚಿನ್ನ ಅಂತಲ್ಲ. ದೊಡ್ಡ ರೆಬ್ಬೆ ಓದಿದ ಪ್ರತಿ ಅಂದ್ರೆ ಹರಾಜಲ್ಲಿ ರೇಟ್ ಆಕಾಶಕ್ಕೆ, ಹಂಗಾಗಿ ಖೋಟಾ ಸಹಿಗಳೂ ಬರ್ತವೆ. 2021ರಲ್ಲಿ ಇಲ್ಲೇ ಬ್ರೂಕ್ಲಿನ್‌ನಲ್ಲಿ ಹರಾಜಿಗಿಟ್ಟಿದ್ದ ಯಹೂದಿ ಸಮುದಾಯಗಳ ಹಸ್ತಪ್ರತಿ, ಸುರುಳಿ ಎಲ್ಲ ಸೇರಿ 17 ವಸ್ತುಗಳನ್ನ ಯುದ್ಧಕಾಲದ ಲೂಟಿ ಮಾಲು ಅಂತ ಅಮೆರಿಕ ಸರ್ಕಾರ ಜಪ್ತಿ ಮಾಡ್ತು. ಹಸಿದಿಕ್‌ಗಳದ್ದೇ ಒಂದು ಕವಲಾದ ಖಬಾದ್ ಪಂಥದಲ್ಲಂತೂ ಹಿಂದಿನ ರೆಬ್ಬೆಯ ಲೈಬ್ರರಿ ಮನೆಯೋರ ಆಸ್ತಿನೋ ಸಮುದಾಯದ್ದೋ ಅಂತ ಕೋರ್ಟಿಗೇ ಹೋಯ್ತು, ಸಮುದಾಯದ್ದು ಅಂತ 1987ರ ಜನವರಿಯಲ್ಲಿ ತೀರ್ಪು ಬಂತು, ಇವತ್ತಿಗೂ ಪ್ರತಿವರ್ಷ ಆ ದಿನ ಹಬ್ಬ ಮಾಡಿ ಹೊಸ ಪುಸ್ತಕ ಕೊಳ್ತಾರೆ. ಗೆದ್ದ ಖುಷಿಗೆ ಪುಸ್ತಕ ಕೊಳ್ಳೋದು, ಅದು ಮಾತ್ರ ನನಗೆ ಬಹಳ ಇಷ್ಟ ಆಯ್ತು.

ನಮಗೆ ಹರಾಜು ಬೇಡ, ಕೋರ್ಟೂ ಬೇಡ, ಆ ಖಾಲಿ ಹಾಳೆ ನೋಡೋ ಬುದ್ಧಿ ಒಂದು ಬಂದ್ರೆ ಸಾಕು. ಕನ್ನಡದ ಹಳೇ ಪುಸ್ತಕ ಸ್ಕ್ಯಾನ್ ಮಾಡೋ ಮಿತ್ರರಿದ್ದೀರಲ್ಲ, ಒಳ್ಳೇ ಕೆಲಸ ಮಾಡ್ತಿದ್ದೀರಿ, ಆದ್ರೆ ಮುಖಪುಟದ ಮುಂಚಿನ ಹಾಳೆ ಬಿಡಬೇಡಿ, "ಚಿ|| ಸೌ||ಗೆ ಮದುವೆಯ ನೆನಪಿಗೆ" ಅನ್ನೋದೂ ಬರಲಿ, ಮುಚ್ಚಿಹೋದ ವಾಚನಾಲಯದ ಸೀಲೂ ಬರಲಿ, ಹಳೇ ಪಂಚಾಂಗದ ಅಂಚಲ್ಲಿ ಮಗು ಹುಟ್ಟಿದ ಘಳಿಗೆ ಬರೆದಿರ್ತಾರಲ್ಲ ಅದಂತೂ ಬರಲೇಬೇಕು. ಬೈಂಡಿಂಗ್‌ಗೆ ಕೊಡೋವಾಗ ಅಂಚು ಕತ್ತರಿಸಬೇಡ ಅಂತ ಒಂದು ಮಾತು ಹೇಳಿ. ಇಲ್ಲಿ ಕೊಲಂಬಿಯಾ ಯೂನಿವರ್ಸಿಟೀಲಿ ಹಳೇ ಯಹೂದಿ ಪುಸ್ತಕಗಳು ಯಾವ ವರ್ಷ ಯಾವ ಊರಲ್ಲಿ ಯಾರ ಹತ್ರ ಇದ್ವು ಅಂತ ದಾಖಲಿಸೋ ಡೇಟಾಬೇಸ್ ಇದೆ, ಫುಟ್‌ಪ್ರಿಂಟ್ಸ್ ಅಂತ. ಕನ್ನಡಕ್ಕೆ ಅಂಥದ್ದು ಬೇಕು ಅಂದ್ರೆ ಕೋಡ್ ಬರೆಯೋಕೆ ಹೊರನಾಡಲ್ಲಿ ಜನಕ್ಕೇನು ಬರ ಇಲ್ಲ, ವೀಕೆಂಡಲ್ಲಿ ನಾನೂ ಕೂರ್ತೀನಿ. ಹಾಳೆಗಳ ಫೋಟೋ ಮಾತ್ರ ಅಲ್ಲಿಂದ ನೀವೇ ಕಳಿಸ್ಬೇಕು.